ಮನೆ ನಿಮ್ಮದು, ಅಭಿಪ್ರಾಯ ಊರಿನದು



ನಿಮ್ಮ ಮನೆಯ ಪಂಚಾಂಗದ ಕೆಲಸ ಮುಗಿದು ಕೆಂಪು ಕಲ್ಲಿನ ಮೊದಲ ಸಾಲು ಕುಳಿತಿದೆ ಎಂದಿಟ್ಟುಕೊಳ್ಳಿ. ಅದುವರೆಗೆ ಆ ಕಡೆ ತಲೆ ಹಾಕದವರೂ ಈಗ ಬರತೊಡಗುತ್ತಾರೆ. "ಹಾಲ್ ಇಷ್ಟೇನಾ?" ಎಂದು ನಾದಿನಿ ಕೇಳುತ್ತಾಳೆ. "ಮೇಲೊಂದು ಮಹಡಿ ಹಾಕಿಬಿಡಿ, ಕಟ್ಟುವುದು ಒಮ್ಮೆ ತಾನೇ" ಎನ್ನುತ್ತಾರೆ ಚಿಕ್ಕಮ್ಮ. ನೆರೆಯವರಿಗೆ ಬಾಗಿಲು ಇಟ್ಟ ಜಾಗ ಸರಿ ಕಾಣುವುದಿಲ್ಲ. ನೀವು ವಾಟ್ಸಾಪಿನಲ್ಲಿ ಗಲ್ಫಿಗೆ ಕಳುಹಿಸಿದ ಫೋಟೋ ಪತಿಯ ಕೋಣೆಯಲ್ಲಿರುವ ಆರು ಮಂದಿಯ ಕೈ ದಾಟಿ ಆರು ಅಭಿಪ್ರಾಯಗಳೊಂದಿಗೆ ಮರಳುತ್ತದೆ. ಮಕ್ಕಳ ಓದು, ಉಮ್ಮನ ಮಂಡಿನೋವಿನ ಬಗ್ಗೆ ಮಾತನಾಡಬೇಕಾಗಿದ್ದ ರಾತ್ರಿಯ ಫೋನು ಕಿಟಕಿಯ ಅಳತೆಯ ಜಗಳದಲ್ಲಿ ಮುಗಿಯುತ್ತದೆ.

ಇವರಲ್ಲಿ ಹೆಚ್ಚಿನವರು ನಿಮಗೆ ಕೆಡುಕು ಬಯಸುವವರಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಒಂದು ವಿಷಯ ನೆನಪಿಡಿ. ಅಭಿಪ್ರಾಯ ಕೊಡುವವರಿಗೆ ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಅದರ ಬೆಲೆ ತೆರುವವರು ನೀವು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. "ಅತಿಥಿಗಳಿಗೆಂದು ಇನ್ನೊಂದು ಕೋಣೆ ಇರಲಿ" ಎಂದು ಯಾರೋ ಹೇಳಿದರು. 10 ಅಡಿಗೆ 12 ಅಡಿಯ ಕೋಣೆ ಎಂದರೆ 120 ಚದರ ಅಡಿ. ಚದರ ಅಡಿಗೆ 2,000 ರೂಪಾಯಿ ಎಂದು ಹಿಡಿದರೂ 2,40,000 ರೂಪಾಯಿ ಆಯಿತು. ತಿಂಗಳಿಗೆ 20,000 ರೂಪಾಯಿ ಉಳಿಸುವವರಿಗೆ ಇದು ಭರ್ತಿ 12 ತಿಂಗಳ ದುಡಿಮೆ. ಅಂದರೆ ಆ ಒಂದು ಕೋಣೆಗಾಗಿ ಮಕ್ಕಳ ತಂದೆ ಇನ್ನೊಂದು ವರ್ಷ ಊರಿನಿಂದ ದೂರ ಇರಬೇಕು. ಇಲ್ಲವೇ ನಿಮ್ಮ ಕೈಯ ಬಳೆ ಹೋಗಬೇಕು. ವರ್ಷದಲ್ಲಿ ನಾಲ್ಕು ದಿನ ಬರುವ ಅತಿಥಿಗಾಗಿ ಮನೆಯವನೇ ವರ್ಷವಿಡೀ ಅತಿಥಿಯಾಗಿ ಉಳಿಯುವುದು ಯಾವ ನ್ಯಾಯ? ನಮ್ಮ ಕರಾವಳಿಯಲ್ಲಿ ಬಾಗಿಲು ಮುಚ್ಚಿದ ಮಹಡಿಗಳುಳ್ಳ ದೊಡ್ಡ ಮನೆಗಳನ್ನು ನೀವೂ ಕಂಡಿರಬಹುದು. ಕೆಳಗೆ ಅತ್ತೆ, ಸೊಸೆ ಇಬ್ಬರೇ. ಮೇಲೆ ಧೂಳು.

ಹಾಗೆಂದು ಎಲ್ಲರ ಮಾತನ್ನೂ ತಳ್ಳಿಹಾಕಬೇಕೆಂದಲ್ಲ. ಸಮಾಲೋಚನೆ ನಮಗೆ ಕಲಿಸಲಾದ ಸದ್ಗುಣ. ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ 'ಅಶ್ಶೂರಾ'. ಆದರೆ ಸಮಾಲೋಚನೆ ಎಂದರೆ ತಿಳಿದವರನ್ನು ನಾವಾಗಿ ಕೇಳುವುದು, ಅದೂ ತೀರ್ಮಾನಕ್ಕೆ ಮೊದಲು. ದಾರಿಯಲ್ಲಿ ಹೋಗುವಾಗ ನಿಂತು ಎಸೆದ ಮಾತು ಸಮಾಲೋಚನೆಯಾಗುವುದಿಲ್ಲ.

ಹಾಗಾದರೆ ಯಾವ ಮಾತನ್ನು ತೆಗೆದುಕೊಳ್ಳಬೇಕು? ಅದರಲ್ಲಿ ತಿಳುವಳಿಕೆ ಇದೆಯೇ, ಬರೀ ಅಭಿರುಚಿ ಇದೆಯೇ ಎಂದು ನೋಡಿ. ಪಕ್ಕದ ಮನೆಯ ಅಜ್ಜಿ, "ಆಟಿ ತಿಂಗಳಲ್ಲಿ ಗುಡ್ಡದ ನೀರು ಈ ಮೂಲೆಯಿಂದಲೇ ಇಳಿಯುತ್ತದೆ ಮಗಳೇ" ಎಂದರೆ ಕಿವಿಗೊಟ್ಟು ಕೇಳಿ. ನಲ್ವತ್ತು ಮಳೆಗಾಲ ಆ ನೀರನ್ನು ಕಂಡ ಕಣ್ಣು ಅದು. ಯಾವ ನಕ್ಷೆಯಲ್ಲೂ ಅದು ಇರುವುದಿಲ್ಲ. "ಪಶ್ಚಿಮದ ಕಿಟಕಿಗೆ ಸನ್‌ಶೇಡ್ ಅಗಲ ಇರಲಿ" ಎಂದರೆ ಅದೂ ಸರಿ. ನಮ್ಮಲ್ಲಿ ಮಳೆ ಕಡಲ ಕಡೆಯಿಂದಲೇ ಬೀಸಿ ಹೊಡೆಯುತ್ತದೆ. ಕಿಬ್ಲಾ ನಮಗೆ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ಓರೆಯಾಗಿದೆ. ಶೌಚಾಲಯದಲ್ಲಿ ಕೂರುವ ದಿಕ್ಕು ಅದಕ್ಕೆ ಎದುರಾಗದಂತೆ ನೋಡಿಕೊಳ್ಳಿ ಎಂದು ಮಾವ ಮೊದಲೇ ಹೇಳಿದರೆ ಖರ್ಚಿಲ್ಲದೆ ಸರಿಪಡಿಸಬಹುದು. ಪೈಪು ಕೂರಿಸಿದ ಮೇಲೆ ಹೇಳಿದರೆ ನೆಲ ಒಡೆಯಬೇಕು. ಆದ್ದರಿಂದ ಅಡಿಪಾಯಕ್ಕೆ ಮೊದಲೇ ಒಂದು ದಿನ ಹಿರಿಯರನ್ನು ಕರೆದು ಚಹಾ ಕೊಟ್ಟು ನಕ್ಷೆ ಮುಂದಿಟ್ಟು ಕೇಳಿಬಿಡಿ. ಆಗ ಕೇಳಿಸಿಕೊಂಡವರು ಆಮೇಲೆ ಅಷ್ಟಾಗಿ ಹೇಳುವುದಿಲ್ಲ.

ಇನ್ನು ಕೆಲವು ಮಾತುಗಳು ಅಪಾಯಕಾರಿ. ಕರಾವಳಿಯ ಅನೇಕ ಮನೆಗಳಲ್ಲಿ ಸ್ಲ್ಯಾಬಿನ ಭಾರ ಹೊರುವುದು ಕಂಬಗಳಲ್ಲ, ಕಲ್ಲಿನ ಗೋಡೆಗಳೇ. "ಅಡುಗೆಕೋಣೆಯ ಈ ಗೋಡೆ ತೆಗೆದುಬಿಡಿ, ಹಾಲ್ ದೊಡ್ಡದಾಗಿ ಕಾಣುತ್ತದೆ" ಎಂಬ ಮಾತು ಕೇಳಿ ಗೋಡೆಗೆ ಕೈ ಹಾಕಬೇಡಿ. ಇಂಜಿನಿಯರರನ್ನು ಕೇಳಿ. ಹಾಗೆಯೇ, ಮಳೆಗಾಲ ಹತ್ತಿರ ಬಂತೆಂಬ ಅವಸರದಲ್ಲಿ "ಸ್ಲ್ಯಾಬಿಗೆ ಮೂರು ದಿನ ನೀರು ನಿಲ್ಲಿಸಿದರೆ ಸಾಕು" ಎನ್ನುವವರಿದ್ದಾರೆ. ಸಾಕಾಗುವುದಿಲ್ಲ. ಈಗ ಹೆಚ್ಚಾಗಿ ಬಳಸುವ ಸಿಮೆಂಟಿಗೆ ಕನಿಷ್ಠ 10 ದಿನವಾದರೂ ನೀರು ಬೇಕು. ಸೆಂಟ್ರಿಂಗ್ ಯಾವಾಗ ಬಿಚ್ಚಬೇಕೆಂದು ಹೇಳಬೇಕಾದವರೂ ಇಂಜಿನಿಯರರೇ, ನೆಂಟರಲ್ಲ.

ಕೆಲವು ಕಡೆ ನೀವೇ ಮಾತನಾಡಬೇಕು. "ಎಲ್ಲರ ಮನೆಯಲ್ಲೂ ಇಷ್ಟೇ ಎತ್ತರ" ಎಂದು ಮೇಸ್ತ್ರಿ ಅಡುಗೆಕಟ್ಟೆ ಕಟ್ಟಿಬಿಡುತ್ತಾರೆ. ಅಲ್ಲಿ ನಿಂತು ರೊಟ್ಟಿ ತಟ್ಟುವ ಸೊಂಟ ಯಾರದು? ನೀವು ನೇರವಾಗಿ ನಿಂತು ಕೈ ಮಡಚಿದಾಗ ಮೊಣಕೈ ಬರುವ ಮಟ್ಟಕ್ಕಿಂತ ಮೂರು ನಾಲ್ಕು ಇಂಚು ಕೆಳಗೆ ಕಟ್ಟೆ ಇರಲಿ. ಗೋಡೆಯ ಮೇಲೆ ಗೆರೆ ಎಳೆದು ತೋರಿಸಿ. ಅತ್ತೆಯೂ ಅಲ್ಲೇ ಅಡುಗೆ ಮಾಡುವವರಾದರೆ ಅವರನ್ನೂ ನಿಲ್ಲಿಸಿ ನೋಡಿ. ಬಳಸುವವರ ಮಾತಿಗೆ ಬೆಲೆ ಇರಬೇಕು.

ಈಗ ಕಷ್ಟದ ಪ್ರಶ್ನೆ. ಬೇಡದ ಮಾತಿಗೆ ಉತ್ತರ ಕೊಡುವುದು ಹೇಗೆ? ಮೊದಲು ಪತಿ ಪತ್ನಿ ಇಬ್ಬರೂ ಒಂದಾಗಿ. ಎಷ್ಟು ಹಣ, ಎಷ್ಟು ಕೋಣೆ, ಯಾವುದನ್ನು ಬದಲಿಸುವುದಿಲ್ಲ ಎಂದು ಒಂದು ಕಾಗದದಲ್ಲಿ ಬರೆದಿಡಿ. ಮೇಸ್ತ್ರಿಯ ಹತ್ತಿರ ಮಾತನಾಡುವವರು ಒಬ್ಬರೇ ಇರಲಿ. "ಬೇರೆ ಯಾರು ಹೇಳಿದರೂ ನಮ್ಮನ್ನು ಕೇಳದೆ ಒಂದು ಕಲ್ಲೂ ಸರಿಸಬೇಡಿ" ಎಂದು ಅವರಿಗೆ ಮೊದಲೇ ಹೇಳಿ. ಆಮೇಲೆ ಯಾರು ಏನೇ ಹೇಳಲಿ, ವಾದ ಬೇಡ. "ಮಾಮೀ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ಸದ್ಯ ನಮ್ಮ ಕೈ ಇಷ್ಟಕ್ಕೇ ಮುಟ್ಟುವುದು. ದುಆ ಮಾಡಿ" ಎಂದುಬಿಡಿ. ದುಆ ಕೇಳಿದ ಬಾಯಿಗೆ ಎದುರು ಮಾತು ಹೇಳುವವರು ಕಡಿಮೆ. ನಿಮ್ಮ ಕಡೆಯವರಿಗೆ ನೀವು, ಅವರ ಕಡೆಯವರಿಗೆ ಅವರು ಉತ್ತರಿಸಿದರೆ ಸಂಬಂಧವೂ ಉಳಿಯುತ್ತದೆ. ಮನೆ ಎದ್ದು ನಿಂತಾಗ ಅದರೊಳಗೆ ಬರುವ ಜನರೇ ಮುನಿಸಿಕೊಂಡಿದ್ದರೆ ಆ ಗೋಡೆಗಳಿಂದೇನು ಸುಖ?

ಕೊನೆಯದಾಗಿ ಒಂದು ಮಾತು. ಇಂದು ನೀವು ಕೇಳಿಸಿಕೊಳ್ಳುವವರು. ನಾಳೆ ಯಾರದೋ ಮನೆ ಒಕ್ಕಲಿಗೆ ಹೋದಾಗ ನೀವೇ ಹೇಳುವವರು. ಟೈಲ್ಸಿನ ಬಣ್ಣ ನಿಮಗೆ ಹಿಡಿಸದಿರಬಹುದು, ಸಿಟೌಟ್ ಕಿರಿದೆನಿಸಬಹುದು. ಆದರೆ ಆ ಗೃಹಿಣಿ ಎಷ್ಟು ಬಳೆ ಮಾರಿದ್ದಾಳೋ, ಎಷ್ಟು ವರ್ಷ ಒಬ್ಬಳೇ ಕಳೆದಿದ್ದಾಳೋ ನಿಮಗೇನು ಗೊತ್ತು? ಒಡೆದು ಸರಿಪಡಿಸಲಾಗದ್ದರ ಬಗ್ಗೆ ಮಾತನಾಡಿ ಅವಳ ಸಂತೋಷಕ್ಕೆ ಬಿರುಕು ಹಾಕಬೇಡಿ. "ಮಾಶಾ ಅಲ್ಲಾಹ್, ಅಲ್ಲಾಹನು ಬರಕತ್ ಕೊಡಲಿ" ಎಂದು ಹೇಳಿ ಬನ್ನಿ.