ಜೋಡಿ ಕಟ್ಟುವ ಮುಂಚೆ ತೂಕ ನೋಡಿ

ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಜಗಳದ ಬಗ್ಗೆ ಬರೆಯುತ್ತಿದ್ದೇನೆ. ಜಗಳ ನಮ್ಮ ಮನೆಯದೇ.

ಹೋದ ಭಾನುವಾರ ನಾವು ಅಟ್ಟದಿಂದ ಇಳಿಸಿದ ಕಾಯಿ ಸುಲಿಯುತ್ತಿದ್ದೆವು. ಚಿಕ್ಕಪ್ಪ ಮೊಬೈಲಿನಲ್ಲಿ ಬಾಕ್ಸಿಂಗ್ ತೋರಿಸಿದರು. ಅದರಲ್ಲಿ ಟೈಸನ್ ಫ್ಯೂರಿ ಎಂಬ ಆರು ಅಡಿ ಒಂಬತ್ತು ಅಂಗುಲ ಎತ್ತರದ ಮನುಷ್ಯ ಇದ್ದ. "ಇವನ ಮುಂದೆ ಹಳೇ ಕಾಲದೋರು ಯಾರೂ ನಿಲ್ಲೋಕಾಗಲ್ಲ" ಅಂದರು ಚಿಕ್ಕಪ್ಪ. ತಾತನಿಗೆ ಸಿಟ್ಟು ಬಂತು. "ಹೋಗೋ, ಗಾಮಾ ಪೈಲ್ವಾನ್ ಇದ್ದಿದ್ರೆ ಇವನನ್ನ ಎತ್ತಿ ಒಗೀತಿದ್ದ. ಈಗಿನೋರೆಲ್ಲ ಬ್ರಾಯ್ಲರ್ ಕೋಳಿಗಳು" ಅಂದರು. ಊಟದ ಹೊತ್ತಾದರೂ ಇಬ್ಬರೂ ನಿಲ್ಲಿಸಲಿಲ್ಲ. ಕೊನೆಗೆ ಅಜ್ಜಿ ಇಬ್ಬರಿಗೂ ಬೈದು ಮುದ್ದೆ ಇಕ್ಕಿದರು.

ನನ್ನ ಅಭಿಪ್ರಾಯ ಏನೆಂದರೆ ಇಬ್ಬರದೂ ತಪ್ಪು. ಯಾಕೆಂದರೆ ಇಬ್ಬರೂ ತೂಕ ನೋಡದೆ ಜೋಡಿ ಕಟ್ಟಿದರು.

ಜೋಡಿ ಕಟ್ಟುವುದು ಅಂದರೆ ಏನು ಎಂದು ಕೆಲವರಿಗೆ ಗೊತ್ತಿಲ್ಲದೆ ಇರಬಹುದು. ಮೈಸೂರು ದಸರಾದಲ್ಲಿ ದೊಡ್ಡಕೆರೆ ಮೈದಾನದ ಹತ್ತಿರ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನಡೆಯುತ್ತದೆ. ಕುಸ್ತಿಗೆ ಮುಂಚೆಯೇ ಒಂದು ದಿನ ಪೈಲ್ವಾನರನ್ನೆಲ್ಲ ಕರೆಸಿ ಯಾರಿಗೆ ಯಾರು ಸಮ ಎಂದು ನೋಡಿ ಜೋಡಿ ಕಟ್ಟುತ್ತಾರೆ. ವಯಸ್ಸು, ಮೈಕಟ್ಟು, ತೂಕ, ಕಲಿತ ವಿದ್ಯೆ ಎಲ್ಲವನ್ನೂ ನೋಡುತ್ತಾರೆ. ಆಮೇಲೆ ಅಖಾಡ. ಸಮ ಜೋಡಿ ಆದರೆ ಗೆದ್ದವನಿಗೂ ಮರ್ಯಾದೆ, ಸೋತವನಿಗೂ ಮರ್ಯಾದೆ. ಆದರೆ ನಾವು ಹಳೇ ಕಾಲದವರನ್ನೂ ಈಗಿನವರನ್ನೂ ಹೋಲಿಸುವಾಗ ಮಾತ್ರ ಇದನ್ನು ಮರೆತುಬಿಡುತ್ತೇವೆ.

ಮೊದಲನೆಯದಾಗಿ ಗಾಮಾ ಕುಸ್ತಿಯವರು, ಫ್ಯೂರಿ ಬಾಕ್ಸಿಂಗಿನವನು. ಅವರಿಬ್ಬರಿಗೆ ಜೋಡಿಯೇ ಆಗುವುದಿಲ್ಲ. ಆದ್ದರಿಂದ ಬಾಕ್ಸಿಂಗಿನವರನ್ನು ಬಾಕ್ಸಿಂಗಿನವರ ಜೊತೆಗೇ ನೋಡೋಣ.

ಬಾಕ್ಸಿಂಗಿನಲ್ಲಿ ಬೇರೆ ಎಲ್ಲ ತೂಕದ ಗುಂಪಿಗೂ ಮೇಲೆ ಒಂದು ಮಿತಿ ಇದೆ. ಅದಕ್ಕಿಂತ ಭಾರ ಇದ್ದರೆ ಆ ಗುಂಪಿಗೆ ಸೇರಿಸುವುದಿಲ್ಲ. ಹೀಗಾಗಿ 50 ವರ್ಷದ ಹಿಂದಿನವನೂ ಇವತ್ತಿನವನೂ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಹೆವಿವೇಟ್ ಎಂಬ ಗುಂಪಿಗೆ ಕೆಳಗೆ ಮಾತ್ರ ಮಿತಿ, ಮೇಲೆ ಇಲ್ಲ. ಎಷ್ಟು ಭಾರ ಬೇಕಾದರೂ ಇರಬಹುದು. ಮೊದಲು ಸುಮಾರು 79 ಕೆ.ಜಿ. ದಾಟಿದವರೆಲ್ಲ ಹೆವಿವೇಟ್ ಆಗುತ್ತಿದ್ದರು. 1980ರ ಸುಮಾರಿಗೆ ನಡುವೆ ಕ್ರೂಸರ್‌ವೇಟ್ ಎಂಬ ಹೊಸ ಗುಂಪು ಬಂತು. ಈಗ ಸುಮಾರು 91 ಕೆ.ಜಿ. ದಾಟಿದವರೇ ಹೆವಿವೇಟ್.

ಇದರಿಂದ ಒಂದು ತಮಾಷೆ ಆಗಿದೆ. ಅಮೆರಿಕದ ರಾಕಿ ಮಾರ್ಸಿಯಾನೋ 1952ರಿಂದ 1956ರವರೆಗೆ ಪ್ರಪಂಚದ ಹೆವಿವೇಟ್ ಚಾಂಪಿಯನ್. ಆಡಿದ 49 ಪಂದ್ಯಗಳನ್ನೂ ಗೆದ್ದವರು. ಅವರ ತೂಕ ಸುಮಾರು 85 ಕೆ.ಜಿ. ಮಾತ್ರ. ಇವತ್ತಿನ ಲೆಕ್ಕದಲ್ಲಿ ಅವರು ಹೆವಿವೇಟೇ ಅಲ್ಲ! ಮಹಮ್ಮದ್ ಅಲಿ 1964ರಲ್ಲಿ ಮೊದಲ ಸಲ ಚಾಂಪಿಯನ್ ಆದಾಗ ಸುಮಾರು 95 ಕೆ.ಜಿ. ಇದ್ದರು. ಫ್ಯೂರಿ 2024ರ ಡಿಸೆಂಬರ್‌ನಲ್ಲಿ ರಿಂಗಿಗೆ ಇಳಿದಾಗ ಸುಮಾರು 127 ಕೆ.ಜಿ. ಇದ್ದ. ಮಾರ್ಸಿಯಾನೋಗಿಂತ 42 ಕೆ.ಜಿ. ಜಾಸ್ತಿ. ನಮ್ಮ ತರಗತಿಯಲ್ಲಿ 42 ಕೆ.ಜಿ. ತೂಗುವವರು ಎಷ್ಟು ಜನ ಇದ್ದೀರಿ ಹೇಳಿ. ಅಂದರೆ ಫ್ಯೂರಿ ಮೈಯಲ್ಲಿ ಒಬ್ಬ ಮಾರ್ಸಿಯಾನೋ, ಜೊತೆಗೆ ಏಳನೇ ತರಗತಿಯ ಒಬ್ಬ ದಪ್ಪ ಹುಡುಗ.

ಗಾತ್ರ ಯಾಕೆ ಮುಖ್ಯ? ಇದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾಯಿ ಕೀಳುವಾಗ ಉದ್ದನೆ ದೋಟಿ ಇದ್ದವನಿಗೆ ದೂರದ ಗೊನೆ ಎಟುಕುತ್ತದೆ, ಗಿಡ್ಡ ದೋಟಿಯವನು ಕತ್ತೆತ್ತಿ ನೋಡುತ್ತಾ ನಿಲ್ಲಬೇಕು. ಉದ್ದ ಕೈಯವನು ದೂರದಿಂದಲೇ ಹೊಡೆಯುತ್ತಾನೆ, ಗಿಡ್ಡ ಕೈಯವನು ಏಟು ತಿಂದುಕೊಂಡೇ ಹತ್ತಿರ ಹೋಗಬೇಕು. ಭಾರ ಇದ್ದವನು ಮೈಮೇಲೆ ಒರಗಿದರೆ ಕೆಳಗಿನವನ ಉಸಿರು ಅರ್ಧ ಹೋಗುತ್ತದೆ.

ಆದರೆ ದೋಟಿ ತೀರಾ ಉದ್ದ ಆದರೆ ಬಳುಕುತ್ತದೆ, ಕೈ ಸೋಲುತ್ತದೆ. ದೊಡ್ಡ ಮೈಯೂ ಹಾಗೆಯೇ. 1919ರಲ್ಲಿ ಸುಮಾರು 85 ಕೆ.ಜಿ.ಯ ಜಾಕ್ ಡೆಂಪ್ಸಿ, 111 ಕೆ.ಜಿ.ಯ ಜೆಸ್ ವಿಲಾರ್ಡ್‌ನನ್ನು ಮೊದಲನೇ ಸುತ್ತಿನಲ್ಲೇ ಏಳು ಸಲ ಕೆಡವಿದ. 2009ರಲ್ಲಿ ಡೇವಿಡ್ ಹೇ ತನಗಿಂತ ಸುಮಾರು 44 ಕೆ.ಜಿ. ಭಾರದ, ಏಳು ಅಡಿಯ ನಿಕೊಲಾಯ್ ವ್ಯಾಲುಯೆವ್‌ನನ್ನು ಸೋಲಿಸಿದ. ಚಿಕ್ಕಪ್ಪ ಹೊಗಳಿದ ಫ್ಯೂರಿಯನ್ನೇ ಉಕ್ರೇನಿನ ಉಸಿಕ್ 2024ರಲ್ಲಿ ಎರಡು ಸಲ ಸೋಲಿಸಿದ್ದಾನೆ. ಡಿಸೆಂಬರ್ ಪಂದ್ಯದಲ್ಲಿ ಉಸಿಕ್ ಸುಮಾರು 25 ಕೆ.ಜಿ. ಕಡಿಮೆ ಇದ್ದ. ಇದನ್ನು ನಾನು ಹೇಳಿದಾಗ ಚಿಕ್ಕಪ್ಪ ಮೊಬೈಲು ಜೇಬಿಗೆ ಹಾಕಿಕೊಂಡರು.

ಹಾಗಾದರೆ ತಾತ ಗೆದ್ದರಾ? ಅದೂ ಇಲ್ಲ. ಉಸಿಕ್ ಸಣ್ಣವನು ಎನ್ನುತ್ತೇವೆ, ಆದರೆ ಅವನೂ ಆರು ಅಡಿ ಮೂರು ಅಂಗುಲ, ನೂರು ಕೆ.ಜಿ. ದಾಟಿದವನು. ಈಗಿನ ಕಾಲದ ಸಣ್ಣವನು ಹಳೇ ಕಾಲದಲ್ಲಿ ದೊಡ್ಡವನು. ಇನ್ನೊಂದು ಕಡೆ ನೋಡಿದರೆ, ಮಾರ್ಸಿಯಾನೋ ಕಾಲದಲ್ಲಿ ಚಾಂಪಿಯನ್ ಪಂದ್ಯ 15 ಸುತ್ತು ಇರುತ್ತಿತ್ತು, ಈಗ 12. ಭಾರದ ಮನುಷ್ಯನಿಗೆ ಆ ಕೊನೆಯ ಮೂರು ಸುತ್ತು ಬಹಳ ಕಷ್ಟ. ಆದ್ದರಿಂದ ಯಾರ ಕಾಲದ ನಿಯಮದಲ್ಲಿ ಆಡಿಸುತ್ತೀರಿ ಎಂದೂ ಮೊದಲೇ ಹೇಳಬೇಕು.

ಗಾಮಾ ಕಥೆಯೂ ಇದನ್ನೇ ಹೇಳುತ್ತದೆ. ಅವರು ಐದೂಮುಕ್ಕಾಲು ಅಡಿಯೂ ಇರಲಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ತಮಗಿಂತ ಭಾರದ ಜ್ಬಿಸ್ಕೊ ಜೊತೆ ಎರಡೂವರೆ ಗಂಟೆಗೂ ಜಾಸ್ತಿ ಕುಸ್ತಿ ಮಾಡಿದರು. ಜ್ಬಿಸ್ಕೊ ನೆಲಕ್ಕೆ ಅಂಟಿಕೊಂಡುಬಿಟ್ಟ, ಚಿತ್ ಮಾಡಲು ಆಗಲಿಲ್ಲ. ಪಂದ್ಯ ಸಮ ಆಯಿತು. ಮತ್ತೆ 1928ರಲ್ಲಿ ಪಟಿಯಾಲದಲ್ಲಿ ಅದೇ ಜ್ಬಿಸ್ಕೊನನ್ನು ಒಂದು ನಿಮಿಷದೊಳಗೆ ಕೆಡವಿದರು. ಭಾರ ಒಂದು ದಿನ ಕಾಪಾಡಿತು, ಇನ್ನೊಂದು ದಿನ ಕಾಪಾಡಲಿಲ್ಲ.

ನನಗೆ ಅನ್ನಿಸುವುದು ಇಲ್ಲಿ ಎರಡು ಪ್ರಶ್ನೆ ಇವೆ. ಎದುರು ಬದುರು ನಿಂತರೆ ಯಾರು ಗೆಲ್ಲುತ್ತಾರೆ ಎಂಬುದು ಒಂದು. ಇದಕ್ಕೆ ತೂಕ, ಎತ್ತರ, ನಿಯಮ ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಷ್ಟೊಂದು ಕೆ.ಜಿ. ವ್ಯತ್ಯಾಸ ಇದ್ದರೆ ದೊಡ್ಡವನಿಗೇ ಅವಕಾಶ ಜಾಸ್ತಿ ಎಂದು ಒಪ್ಪಬೇಕು. ಯಾರು ದೊಡ್ಡ ಆಟಗಾರ ಎಂಬುದು ಇನ್ನೊಂದು. ಇದಕ್ಕೆ ಅವರವರ ಕಾಲದಲ್ಲಿ ಎದುರಿಗೆ ಬಂದವರನ್ನು ಅವರು ಏನು ಮಾಡಿದರು ಎಂದು ನೋಡಬೇಕು. ಚಿಕ್ಕಪ್ಪ ಮೊದಲನೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು, ತಾತ ಎರಡನೇದಕ್ಕೆ. ಅದಕ್ಕೇ ಜಗಳ ಮುಗಿಯಲಿಲ್ಲ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ತಾತನೇ ಬರಿ ಅಂದರು, ಅದಕ್ಕೆ ಬರೆಯುತ್ತಿದ್ದೇನೆ. ತಾತ ಹುಡುಗರಾಗಿದ್ದಾಗ ಒಂದು ಜಾತ್ರೆಯಲ್ಲಿ ಕುಸ್ತಿಗೆ ಇಳಿದಿದ್ದರು. ಅವರ ಜೋಡಿ ಬರಲಿಲ್ಲ ಅಂತ ಜನ ಬೇರೆ ಒಬ್ಬ ಪೈಲ್ವಾನನನ್ನು ಎದುರಿಗೆ ನಿಲ್ಲಿಸಿದರು. ತಾತ ಆಗ 60 ಕೆ.ಜಿ., ಆ ಪೈಲ್ವಾನ 80ರ ಮೇಲೆ. ತಾತ ಬಿದ್ದರು, ಭುಜ ಉಳುಕಿತು. ಈಗಲೂ ಮಳೆಗಾಲದಲ್ಲಿ ಆ ಭುಜ ನೋಯುತ್ತದೆ. ಟೀ ಅಂಗಡಿ ಹತ್ತಿರ ಕೆಲವು ಮುದುಕರು ಈಗಲೂ "ಏನ್ ಪೈಲ್ವಾನ್ರೇ, ಬಿದ್ರಂತಲ್ಲ" ಎಂದು ನಗುತ್ತಾರೆ. 20 ಕೆ.ಜಿ. ವ್ಯತ್ಯಾಸ ಇತ್ತು ಎಂದು ಒಬ್ಬರೂ ಹೇಳುವುದಿಲ್ಲ. ನಾನು ತಾತನನ್ನು "ನಿಮಗೆ ಆವತ್ತು ಮಾಡಿದ್ದನ್ನೇ ನೀವು ಗಾಮಾಗೆ ಮಾಡ್ತಿದ್ದೀರಲ್ಲ ತಾತ, 90 ಕೆ.ಜಿ.ಯವರನ್ನ 127ರ ಎದುರಿಗೆ ನಿಲ್ಲಿಸ್ತೀರಲ್ಲ" ಎಂದು ಕೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನೆ ಕಾಯಿ ಸುಲಿದರು. ಆಮೇಲೆ "ಹೌದು ಕಣ್ಲಾ" ಅಂದರು.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಆಟದ ದಿನ ಕುಸ್ತಿಗೂ ಹಗ್ಗ ಜಗ್ಗಾಟಕ್ಕೂ ತರಗತಿ ನೋಡಿ ಜೋಡಿ ಮಾಡುತ್ತೇವೆ. ಒಂದೇ ತರಗತಿಯಲ್ಲಿ 28 ಕೆ.ಜಿ.ಯವರೂ ಇದ್ದೇವೆ, 45 ಕೆ.ಜಿ.ಯವರೂ ಇದ್ದಾರೆ. (28 ಯಾರು ಎಂದು ಎಲ್ಲರಿಗೂ ಗೊತ್ತು, ನಗಬೇಡಿ.) ಕೊಬ್ಬರಿ ತೂಗುವ ತಕ್ಕಡಿ ನಮ್ಮ ಮನೆಯಲ್ಲೇ ಇದೆ, ಬೇಕಾದರೆ ಆವತ್ತು ಬೆಳಿಗ್ಗೆ ಚಿಕ್ಕಪ್ಪನೂ ನಾನೂ ಹೊತ್ತು ತರುತ್ತೇವೆ. ತೂಗಿ ಜೋಡಿ ಕಟ್ಟಿ. ಆಮೇಲೆ ನಾನು ಬಿದ್ದರೆ ಎಷ್ಟು ಬೇಕಾದರೂ ನಗಿ.

ತಪ್ಪು ಬರೆದಿದ್ದರೆ ಗುರುಗಳು ತಿದ್ದಬೇಕು.

ಇತಿ,
ಏಳನೇ ತರಗತಿಯ ವಿದ್ಯಾರ್ಥಿ, ಹೊನ್ನವಳ್ಳಿ