ಮಳೆಗಾಲಕ್ಕೂ ಸಾಕ್ಷಿ ಬೇಕು

ಮಲೆನಾಡಿನ ಊರುಗಳಲ್ಲಿ ಕಾಡಿನ ಅರಿವಿಗೆ ಕೊರತೆಯಿಲ್ಲ. ಯಾವ ಹಳ್ಳದ ಅಂಚಿನಲ್ಲಿ ಯಾವ ಕಪ್ಪೆ ಕೂಗುತ್ತದೆ, ಮಂಗಟ್ಟೆ ಯಾವ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ, ಅಪ್ಪೆಮಿಡಿಯ ಮರ ಯಾವ ವರ್ಷ ತಡವಾಗಿ ಹೂ ಬಿಟ್ಟಿತು ಎಂಬುದನ್ನು ಹೇಳಬಲ್ಲವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೊರತೆಯಿರುವುದು ಬರಹದಲ್ಲಿ. ಗಣಿಯೋ ಹೆದ್ದಾರಿಯೋ ಬರುವ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ‘ಇದು ಹಿಂದಿನಿಂದಲೂ ಇಲ್ಲಿದೆ’ ಎಂಬ ಮಾತಿಗೆ ಸಿಗುವ ಬೆಲೆ ಅಲ್ಪ. ದಿನಾಂಕ, ಸ್ಥಳ, ಸಂಖ್ಯೆಗಳುಳ್ಳ ದಾಖಲೆಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಸಾಮಾನ್ಯ ಜನರ ಇಂತಹ ದಾಖಲೆಗೆ ಜಗತ್ತಿನಲ್ಲಿ ದೀರ್ಘ ಇತಿಹಾಸವಿದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪುಗಳಾಗಿ ಹೊರಟು, ಪೈಪೋಟಿಯಿಂದ ಹಕ್ಕಿ ಹೊಡೆಯುವ ರೂಢಿಯಿತ್ತು. ಹೊಡೆಯುವ ಬದಲು ಎಣಿಸೋಣವೆಂದು ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್ 1900ರಲ್ಲಿ ಕರೆಯಿತ್ತರು. ಆ ವರ್ಷ ಎಣಿಕೆಗಿಳಿದವರು ಕೇವಲ 27 ಮಂದಿ. ಅಂದಿನಿಂದ ಪ್ರತಿ ವರ್ಷವೂ ನಡೆದುಬಂದಿರುವ ಈ ಎಣಿಕೆಯಲ್ಲಿ ಇಂದು ಸಾವಿರಾರು ಸ್ವಯಂಸೇವಕರು ಪಾಲ್ಗೊಳ್ಳುತ್ತಾರೆ.

ಜರ್ಮನಿಯ ಕ್ರೆಫೆಲ್ಡ್ ಪಟ್ಟಣದ ಕೀಟ ಅಧ್ಯಯನ ಸಂಘದ ನಿದರ್ಶನ ಇನ್ನೂ ಗಂಭೀರವಾದುದು. 1905ರಲ್ಲಿ ಆರಂಭವಾದ ಈ ಸಂಘದಲ್ಲಿ ಹವ್ಯಾಸಿಗಳೇ ಹೆಚ್ಚು. ಅವರು ಸಂರಕ್ಷಿತ ಪ್ರದೇಶಗಳಲ್ಲಿ ಒಂದೇ ಬಗೆಯ ಬಲೆಗಳನ್ನು ಕಟ್ಟಿ, ಬಿದ್ದ ಕೀಟಗಳನ್ನು ತೂಗಿ ಬರೆದಿಟ್ಟರು. ಆ ಲೆಕ್ಕವನ್ನು ಒಟ್ಟುಗೂಡಿಸಿದ ಪ್ರಬಂಧ 2017ರಲ್ಲಿ ಹೊರಬಂದಾಗ, 27 ವರ್ಷಗಳಲ್ಲಿ ಹಾರುವ ಕೀಟಗಳ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿರುವುದು ತಿಳಿದುಬಂತು. ಬೇಸರಪಡದೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ತೂಗಿದವರಿಲ್ಲದಿದ್ದರೆ ಈ ನಷ್ಟ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು.

ಭಾರತವೂ ಈ ದಾರಿಯಲ್ಲಿ ಬಹುದೂರ ಸಾಗಿದೆ. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯದಲ್ಲಿ, ಮಳೆಗಾಲದಲ್ಲೊಮ್ಮೆ ಬೇಸಿಗೆಯ ಮುನ್ನ ಇನ್ನೊಮ್ಮೆ, ಹಕ್ಕಿಗಳನ್ನು ಎಣಿಸಿ ಪಕ್ಷಿ ಭೂಪಟವನ್ನು ಸಿದ್ಧಪಡಿಸಿದರು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ದಾಖಲೆಗಳೇ ಆಧಾರ. 942 ಜಾತಿಗಳ ಪೈಕಿ 178ಕ್ಕೆ ತುರ್ತು ರಕ್ಷಣೆ ಬೇಕೆಂದು ಅದು ಎಚ್ಚರಿಸಿತು.

ಮಲೆನಾಡಿಗೆ ಇಂತಹ ದಾಖಲೆಯ ಅಗತ್ಯ ಇನ್ನೂ ಹೆಚ್ಚು. ಅನೇಕ ಯೋಜನೆಗಳ ಪರಿಸರ ಪರಿಣಾಮ ಅಧ್ಯಯನಕ್ಕೆ ಮಳೆಗಾಲವನ್ನು ಬಿಟ್ಟು ಉಳಿದ ಒಂದು ಋತುವಿನ ಮಾಹಿತಿಯೇ ಸಾಕೆನಿಸಿಕೊಳ್ಳುತ್ತದೆ. ಆದರೆ ಘಟ್ಟದ ಕಾಡು ತನ್ನ ಬಾಳನ್ನು ತೆರೆದು ತೋರುವುದೇ ಮಳೆಯಲ್ಲಿ. ಉತ್ತರ ಕನ್ನಡದ ಕಾಡಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು, ತೊರೆಯ ಬದಿಯಲ್ಲಿಟ್ಟ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಅದು ನಡೆಯುವುದು ಮಳೆಗಾಲದ ಇರುಳಿನಲ್ಲಿ. ಬೇಸಿಗೆಯಲ್ಲಿ ಬಂದು ಒಣ ತೊರೆಯನ್ನು ನೋಡಿ ಹೋದವರ ವರದಿಯಲ್ಲಿ ಅದಕ್ಕೆಲ್ಲಿಯ ಜಾಗ? ಆಷಾಢದ ಜಡಿಮಳೆಯಲ್ಲಿಯೂ ಕಾಡಿನ ಬದಿಯಲ್ಲಿಯೇ ಇರುವವರು ಊರಿನವರು. ಆ ಋತುವಿನ ಸಾಕ್ಷಿಯನ್ನು ಅವರೇ ಬರೆಯಬೇಕು.

ಇದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ನೂರು ಪುಟದ ಒಂದು ನೋಟುಬುಕ್ಕು ಸಾಕು. ತೋಟದ ಅಂಚು, ಹಳ್ಳದ ದಡ, ದೇವರಕಾಡು, ಹೀಗೆ ಒಂದು ಜಾಗವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಅಲ್ಲಿ ನಡೆದು, ಕಂಡುದನ್ನೂ ಕೇಳಿದುದನ್ನೂ ಬರೆಯಬೇಕು. ಏನೂ ಕಾಣದ ದಿನವನ್ನೂ ಬಿಡಬಾರದು. ‘ಕಾಣಲಿಲ್ಲ’ ಎಂಬುದೂ ಮಾಹಿತಿಯೇ. ಹೆಸರು ತಿಳಿಯದಿದ್ದರೆ ಊಹಿಸಿ ಬರೆಯದೆ, ಚಿತ್ರವನ್ನೋ ದನಿಯನ್ನೋ ಮೊಬೈಲಿನಲ್ಲಿ ಹಿಡಿದಿಡಬೇಕು. ಸಿಗ್ನಲ್ ದೊರೆತಾಗ ವಿದ್ಯಾರ್ಥಿಗಳು ಅದನ್ನು ಐ-ನ್ಯಾಚುರಲಿಸ್ಟ್, ಇ-ಬರ್ಡ್‌ಗಳಿಗೆ ಸೇರಿಸಿದರೆ ಬಲ್ಲವರು ಗುರುತು ಹಿಡಿಯಲು ನೆರವಾಗುತ್ತಾರೆ. ಮೂಲ ಪುಸ್ತಕ ಮಾತ್ರ ಊರಿನಲ್ಲಿಯೇ ಉಳಿಯಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾಗಿದೆ. ಊರಿನ ಪುಸ್ತಕಗಳಿಂದ ಅದು ತುಂಬಿದರೆ ಕಾನೂನಿನ ಹಾಳೆಗೂ ಜೀವ ಬರುತ್ತದೆ.

ಒಂದು ಎಚ್ಚರ ಅವಶ್ಯಕ. ಮಂಗಟ್ಟೆಯ ಗೂಡು, ಚಿಪ್ಪುಹಂದಿಯ ಬಿಲ, ಅಪರೂಪದ ಸೀತಾಳೆ ದಂಡೆ ಇರುವ ಮರ, ಇವುಗಳ ನಿಖರವಾದ ಜಾಗವನ್ನು ಬಹಿರಂಗಪಡಿಸುವುದೆಂದರೆ ಕಳ್ಳಬೇಟೆಗಾರನಿಗೆ ದಾರಿ ತೋರಿಸಿದಂತೆ. ಅಂತಹ ವಿವರ ಊರಿನ ಪುಸ್ತಕದಲ್ಲಿ ಗುಟ್ಟಾಗಿರುವುದೇ ಲೇಸು.

ಹಿರಿಯರ ನೆನಪು ಅವರೊಂದಿಗೇ ಮರೆಯಾಗುತ್ತಿದೆ. ಕಾಲೇಜಿಗೆಂದು ಪೇಟೆಗೆ ಹೋದ ಮಕ್ಕಳಿಗೆ ಹಕ್ಕಿಯ ಹೆಸರು ಮರೆತುಹೋಗುತ್ತಿದೆ. ಅಜ್ಜ ಹೆಸರು ಹೇಳಲಿ, ಮೊಮ್ಮಗಳು ದಿನಾಂಕ ಹಾಕಿ ಬರೆಯಲಿ. ಬರುವ ಮುಂಗಾರಿಗೆ ಊರಿಗೊಂದು ಪುಸ್ತಕ ತೆರೆದುಕೊಂಡರೆ, ಮುಂದಿನ ಅಹವಾಲು ಸಭೆಯ ಮೇಜಿನ ಮೇಲೆ ಇಡಲು ಮಲೆನಾಡಿನ ಕೈಯಲ್ಲಿ ಏನಾದರೊಂದು ಇರುತ್ತದೆ.