ಕೆನಡಾ ದೇಶದ ಕಥೋಲಿಕ ಶಾಲಾಮಂಡಲದ ವರ್ಷಾರಂಭ

ನಮ್ಮ ಓದುಗರಲ್ಲೊಬ್ಬರಾದ ಹಿರಿಯ ಗೃಹಿಣಿಯೊಬ್ಬರು ಈಚೆಗೆ ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ರಾಜಧಾನಿಯಾದ ರೆಜೈನಾ ಪಟ್ಟಣದಲ್ಲಿ ಉದ್ಯೋಗದಲ್ಲಿರುವನಂತೆ. ಆರು ವರ್ಷದ ಮೊಮ್ಮಗನನ್ನು, ಮನೆಗೆ ಸಮೀಪವೆಂಬ ಕಾರಣದಿಂದ, ಈ ಸೆಪ್ಟೆಂಬರಿಗೆ ಅಲ್ಲಿಯ ಕಥೋಲಿಕ ಶಾಲೆಗೆ ಸೇರಿಸುತ್ತಾರಂತೆ. ಆ ತಾಯಿಯ ಪ್ರಶ್ನೆಗಳು ಮೂರು. ಅದು ಪಾದ್ರಿಗಳ ಶಾಲೆಯಾದುದರಿಂದ ಶುಲ್ಕ ಬಹಳವಾಗುವುದೇ? ಹುಡುಗನನ್ನು ಅವರು ತಮ್ಮ ಮತಕ್ಕೆ ಸೇರಿಸಿಕೊಳ್ಳುವರೇ? ಮೂರನೆಯದು ನಮ್ಮನ್ನು ಸ್ವಲ್ಪ ಯೋಚನೆಗೀಡುಮಾಡಿತು: ತಿಂಗಳ ಕೊನೆಗೆ ಕಿತ್ತಳೆ ಬಣ್ಣದ ಅಂಗಿಯೊಂದನ್ನು ಹುಡುಗನಿಗೆ ತೊಡಿಸಿ ಕಳುಹಿಸಬೇಕೆಂದು ಶಾಲೆಯವರು ತಿಳಿಸಿರುವರಂತೆ, ಕಿತ್ತಳೆಯೆಂದರೆ ನಮ್ಮ ಕಾವಿಯ ಬಣ್ಣವೇ ಅಲ್ಲವೇ, ಕ್ರೈಸ್ತ ಶಾಲೆಗೆ ಅದೇಕೆ ಬೇಕಾಯಿತು?

ಪ್ರಶ್ನೆಗಳು ಸಣ್ಣವು, ಆದರೆ ಉತ್ತರ ಹೇಳಹೊರಟರೆ ಆ ದೇಶದ ಶಾಲಾವ್ಯವಸ್ಥೆಯ ಬುಡದವರೆಗೂ ಹೋಗಬೇಕಾಗುವುದು. ಆದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಾಗಿಟ್ಟಿರುವೆವು.

ಮೊದಲಿಗೆ, ನಮ್ಮ ಕಡೆಯ ಕಾನ್ವೆಂಟ್ ಶಾಲೆಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕತಕ್ಕದ್ದು. ನಮ್ಮಲ್ಲಿ ಸಂವಿಧಾನದ 30ನೆಯ ಅನುಚ್ಛೇದದ ಮೇರೆಗೆ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ಕಟ್ಟಿ ತಾವೇ ನಡೆಸಬಹುದು. ಅಂಥ ಶಾಲೆ ಖಾಸಗಿ ಸಂಸ್ಥೆಯದು. ಸಸ್ಕಾಚೆವಾನಿನ ಕಥೋಲಿಕ ಶಾಲೆಯಾದರೋ ಪ್ರಜೆಗಳ ಹಣದಿಂದ ನಡೆಯುವ ಸಾರ್ವಜನಿಕ ಸಂಸ್ಥೆಯೇ ಆಗಿದೆ. ಶುಲ್ಕವಿಲ್ಲ. ಉಪಾಧ್ಯಾಯರ ಸಂಬಳಕ್ಕೂ ಹಣ ಬರುವುದು ಪ್ರಾಂತದ ಸರಕಾರದಿಂದಲೇ. ಒಂದು ಪ್ರದೇಶದ ಇಂಥ ಶಾಲೆಗಳೆಲ್ಲ ಸೇರಿ ಒಂದು ‘ಡಿವಿಜನ್’, ಎಂದರೆ ಶಾಲಾಮಂಡಲ. ಆ ಪ್ರಾಂತದಲ್ಲಿ ಈಗ ಕಥೋಲಿಕ ಮಂಡಲಗಳು 8 ಇವೆ. ಅವುಗಳ ಪಕ್ಕದಲ್ಲಿಯೇ, ಅದೇ ಬೀದಿಗಳಲ್ಲಿ, ಸರ್ವಸಾಮಾನ್ಯ ಶಾಲಾಮಂಡಲಗಳೂ ಇವೆ. ಪ್ರತಿಯೊಂದಕ್ಕೂ ನಾಲ್ಕು ವರ್ಷಕ್ಕೊಮ್ಮೆ ಚುನಾಯಿತರಾಗುವ ಟ್ರಸ್ಟಿಗಳ ಮಂಡಳಿಯುಂಟು. ಕಥೋಲಿಕ ಮಂಡಳಿಗೆ ಮತ ಕೊಡುವವರು ಕಥೋಲಿಕರು ಮಾತ್ರ. ಆದುದರಿಂದ ನಮ್ಮ ಓದುಗರ ಮಗನು ಮುಂದೆ ಆ ದೇಶದ ಪೌರನಾದರೂ, ತನ್ನ ಹುಡುಗನು ಓದುವ ಶಾಲೆಯ ಆಡಳಿತಕ್ಕೆ ಮತ ಹಾಕಲಾರನು. ಈ ವಿಚಿತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇದು ಹೇಗೆ ಬಂದಿತೆಂದರೆ, 1867ರಲ್ಲಿ ಕೆನಡಾ ಒಕ್ಕೂಟವಾದಾಗ, ಪ್ರಾಟೆಸ್ಟೆಂಟರೂ ಕಥೋಲಿಕರೂ ಒಬ್ಬರನ್ನೊಬ್ಬರು ನಂಬದ ಕಾಲದಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಅದುವರೆಗಿದ್ದ ಹಕ್ಕು ಮುಂದೆಯೂ ಉಳಿಯತಕ್ಕದ್ದೆಂದು ಸಂವಿಧಾನದ 93ನೆಯ ಪ್ರಕರಣದಲ್ಲಿ ಬರೆದರು. 1905ರಲ್ಲಿ ಆಲ್ಬರ್ಟಾ, ಸಸ್ಕಾಚೆವಾನ್ ಎಂಬ ಎರಡು ಪ್ರಾಂತಗಳು ಹುಟ್ಟಿದಾಗ ಈ ವಿಷಯವೇ ದೊಡ್ಡ ಕಲಹವಾಯಿತು. ಪ್ರಧಾನಿ ಲಾರಿಯೇ ಅವರ ಮಂತ್ರಿಮಂಡಲದಿಂದ ಕ್ಲಿಫರ್ಡ್ ಸಿಫ್ಟನ್ ಎಂಬ ಪ್ರಬಲ ಮಂತ್ರಿ ರಾಜೀನಾಮೆಯಿತ್ತರು. ಕಡೆಗೆ 1901ರ ಶಾಸನದಲ್ಲಿದ್ದಷ್ಟು ಹಕ್ಕನ್ನು ಉಳಿಸುವುದೆಂದು ರಾಜಿಯಾಯಿತು. ಹಕ್ಕು ಕಥೋಲಿಕರಿಗೆಂದೇ ಅಲ್ಲ, ಇಬ್ಬರಲ್ಲಿ ಎಲ್ಲಿ ಯಾರು ಕಡಿಮೆಯೋ ಅವರಿಗೆ. ಎಂಗಲ್‌ಫೆಲ್ಡ್ ಎಂಬ ಊರಿನಲ್ಲಿ ಕಥೋಲಿಕರೇ ಹೆಚ್ಚಾಗಿದ್ದುದರಿಂದ ಪ್ರಾಟೆಸ್ಟೆಂಟರು ಪ್ರತ್ಯೇಕ ಶಾಲೆ ಮಾಡಿಕೊಂಡರು. ಕ್ವಿಬೆಕ್ ಪ್ರಾಂತವು 1997ರಲ್ಲಿಯೂ ನ್ಯೂಫೌಂಡ್‌ಲೆಂಡ್ 1998ರಲ್ಲಿಯೂ ಸಂವಿಧಾನವನ್ನು ತಿದ್ದಿಸಿ ಈ ಕಟ್ಟಿನಿಂದ ಹೊರಬಂದವು. ಆಲ್ಬರ್ಟಾ, ಸಸ್ಕಾಚೆವಾನ್, ಆಂಟೇರಿಯೋಗಳಲ್ಲಿ ಅದು ಉಳಿದಿದೆ.

ಇನ್ನು ವರ್ಷಾರಂಭದ ವಿಚಾರ. ಮಂಡಲದ ಲೆಕ್ಕದ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಶಾಲೆ ತೆರೆಯುವುದು ಸೆಪ್ಟೆಂಬರಿನ ಮೊದಲ ಸೋಮವಾರದ ಶ್ರಮಿಕರ ದಿನದ ಆಸುಪಾಸಿನಲ್ಲಿ. ಆದರೆ ಎಷ್ಟು ಉಪಾಧ್ಯಾಯರು, ಎಷ್ಟು ಬಸ್ಸು, ಎಷ್ಟು ಕೊಠಡಿ ಎಂಬುದನ್ನು ಮಕ್ಕಳ ಮುಖ ನೋಡುವ ಮುನ್ನವೇ, ಬೇಸಗೆಗೆ ಮೊದಲೇ, ಅಂದಾಜಿನ ಮೇಲೆ ನಿರ್ಧರಿಸಬೇಕು. ಮಂಡಲದ ವಿದ್ಯಾನಿರ್ದೇಶಕರಿಗೆ ಆಗಸ್ಟ್ ತಿಂಗಳೆಂದರೆ ಆ ಅಂದಾಜು ಕಣ್ಣೆದುರಿಗೇ ಕದಲುವ ಕಾಲ. ಹಳ್ಳಿಯ ಕಡೆ ಹೊಲಮನೆಗಳು ಮೈಲಿಗಟ್ಟಲೆ ದೂರ. ಒಂದು ಸಂಸಾರ ಊರು ಬಿಟ್ಟರೆ ಬಸ್ಸಿನ ದಾರಿಯನ್ನೇ ಬದಲಿಸಬೇಕು. ಪಟ್ಟಣಗಳಲ್ಲಿ ಇದಕ್ಕೆ ವಿರುದ್ಧ: ಫಿಲಿಪೈನ್ಸಿನಿಂದ, ಭಾರತದಿಂದ, ಆಫ್ರಿಕದಿಂದ ವಲಸೆ ಬಂದವರು ಮಕ್ಕಳ ಕೈಹಿಡಿದು ಆಗಸ್ಟ್ ಕೊನೆಯ ವಾರದಲ್ಲಿ ಕಚೇರಿಯ ಮುಂದೆ ನಿಲ್ಲುವರು, ಆ ಮಕ್ಕಳಲ್ಲಿ ಹಲವರಿಗೆ ಇಂಗ್ಲಿಷು ಮನೆಮಾತಲ್ಲ. ತರಗತಿಯ ಗಾತ್ರ, ಅದರೊಳಗಿನ ಮಕ್ಕಳ ನಾನಾ ವಿಧದ ಅಗತ್ಯಗಳು, ಇವೇ ಮುಖ್ಯ ಬೇಡಿಕೆಯಾಗಿ 2024ರ ಜನವರಿಯಲ್ಲಿ ಆ ಪ್ರಾಂತದ ಉಪಾಧ್ಯಾಯರು ಮುಷ್ಕರ ಹೂಡಿದ್ದುಂಟು.

ಕಥೋಲಿಕ ಮಂಡಲಕ್ಕೆ ಇವುಗಳ ಜೊತೆಗೆ ಮತ್ತೊಂದು ಕೆಲಸ. ಹಿಂದೆ ಉರ್ಸುಲೈನ್ ಮುಂತಾದ ಪಂಥಗಳ ಸಂನ್ಯಾಸಿನಿಯರು ಪಾಠ ಹೇಳುತ್ತಿದ್ದರು. ಶಾಲೆ ಕಥೋಲಿಕವೆಂಬುದು ಅವರ ಉಡುಪಿನಿಂದಲೇ ತಿಳಿಯುತ್ತಿತ್ತು. ಈಗ ಉಪಾಧ್ಯಾಯರೆಲ್ಲ ಬಹುತೇಕ ಸಂಸಾರಸ್ಥರು. ಆದುದರಿಂದ ಶಾಲೆಯ ಮತಸ್ವರೂಪವನ್ನು ಪ್ರತಿ ವರ್ಷವೂ ಪ್ರಯತ್ನಪೂರ್ವಕವಾಗಿ ಕಟ್ಟಿಕೊಳ್ಳಬೇಕಾಗಿದೆ. ವರ್ಷಾರಂಭದಲ್ಲಿ ಉಪಾಧ್ಯಾಯರೂ ಸಿಬ್ಬಂದಿಯವರೂ ಒಟ್ಟುಗೂಡಿ ಬಲಿಪೂಜೆಯಲ್ಲಿ ಸೇರುವ ವಾಡಿಕೆಯುಂಟು. ಪವಿತ್ರಾತ್ಮನನ್ನು ಪ್ರಾರ್ಥಿಸಿ ವಿದ್ಯಾಭ್ಯಾಸವನ್ನು ಮೊದಲಿಡುವುದು ಕಥೋಲಿಕ ಶಾಲೆಗಳ ಹಳೆಯ ಸಂಪ್ರದಾಯ. ನಮಗಿದು ಅಪರಿಚಿತವೆನಿಸಲಿಲ್ಲ. ಉಪಾಕರ್ಮವೆಂಬ ಶಬ್ದಕ್ಕೆ ಆರಂಭವೆಂದೇ ಅರ್ಥ. ಶ್ರಾವಣದಲ್ಲಿ ವೇದಾಧ್ಯಯನವನ್ನು ತೊಡಗುವ ಕರ್ಮವದು. ಇಂದು ನಮ್ಮಲ್ಲಿ ಜನಿವಾರ ಬದಲಿಸುವುದಷ್ಟೇ ಉಳಿದು, ಅಧ್ಯಯನದ ಮಾತು ಮರೆತುಹೋಗಿದೆ. ಆ ವಿಷಯದಲ್ಲಿ ಅವರು ನಮಗಿಂತ ಮೇಲೆಂದೇ ಹೇಳಬೇಕು.

ಹೀಗೆ ತೊಡಗಿದ ತಿಂಗಳು ಸೆಪ್ಟೆಂಬರ್ 30ಕ್ಕೆ ಬಂದು ನಿಲ್ಲುವುದು. ಆ ದಿನದ ಮಕ್ಕಳ ಸಂಖ್ಯೆಯೇ ಸರಕಾರದ ಹಣಕ್ಕೆ ಆಧಾರ. ಮೊದಲು ಆಸ್ತಿತೆರಿಗೆಯ ದರವನ್ನು ಮಂಡಳಿಗಳೇ ಗೊತ್ತುಮಾಡುತ್ತಿದ್ದುವು. 2009ರಿಂದ ಪ್ರಾಂತವೇ ಅದನ್ನು ಕೈಗೆ ತೆಗೆದುಕೊಂಡುದರಿಂದ ತಲೆಯೆಣಿಕೆಯ ತೂಕ ಇನ್ನಷ್ಟು ಹೆಚ್ಚಿತು. ಎಣಿಕೆಯ ಈ ಸಂಕಟವನ್ನು ನಾವು ಬಲ್ಲೆವು. ಅನುದಾನಿತ ಶಾಲೆಯೊಂದರಲ್ಲಿ ನಾವಿದ್ದಾಗ, ಮಕ್ಕಳು ಕಡಿಮೆಯಾದರೆ ಕಿರಿಯ ಸಂಸ್ಕೃತ ಪಂಡಿತರ ಹುದ್ದೆ ಹೋಗುವುದೆಂದು ಜೂನ್ ತಿಂಗಳಲ್ಲಿ ಮನೆಮನೆಗೆ ಅಲೆದಿದ್ದುಂಟು. ಒಂದು ವರ್ಷ ಇಬ್ಬರು ಹುಡುಗರು ಸೋದರಮಾವನ ಊರಿಗೆ ಹೋಗಿ ಅಲ್ಲಿಯೇ ಉಳಿದಿದ್ದರೂ ತನಿಖೆಯ ದಿನದವರೆಗೆ ಅವರ ಹೆಸರಿನ ಮುಂದೆ ಹಾಜರಿ ಬರೆದವರು ನಾವೇ. ಹುದ್ದೆ ಉಳಿಯಿತು. ಆ ಹಾಜರಿ ಪುಸ್ತಕ ಈಗಲೂ ಎಲ್ಲಿಯೋ ಇದ್ದೀತು.

ಕಥೋಲಿಕ ಮಂಡಲದಲ್ಲಿ ಎಷ್ಟು ಮಕ್ಕಳೆಂಬುದಷ್ಟೇ ಅಲ್ಲ, ಯಾರ ಮಕ್ಕಳೆಂಬ ಪ್ರಶ್ನೆಯೂ ಒಂದು ಕಾಲಕ್ಕೆ ಎದ್ದಿತು. ಥಿಯೋಡೋರ್ ಎಂಬ ಹಳ್ಳಿಯಲ್ಲಿ 42 ಮಕ್ಕಳಿದ್ದ ಸಾಮಾನ್ಯ ಶಾಲೆಯನ್ನು 2003ರಲ್ಲಿ ಮುಚ್ಚಿ, ಮಕ್ಕಳನ್ನು 17 ಕಿಲೋಮೀಟರ್ ದೂರದ ಊರಿಗೆ ಬಸ್ಸಿನಲ್ಲಿ ಕಳುಹಿಸಬೇಕೆಂದು ಅಲ್ಲಿಯ ಮಂಡಲದವರು ತೀರ್ಮಾನಿಸಿದರು. ಹಳ್ಳಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ಊರಿನ ಕಥೋಲಿಕರು ಅಲ್ಪಸಂಖ್ಯಾತರ ಹಕ್ಕನ್ನು ಹಿಡಿದು ತಮ್ಮದೇ ಮಂಡಲವನ್ನು ರಚಿಸಿ ಶಾಲೆ ತೆರೆದರು. ಊರಿನ ಇತರ ಮಕ್ಕಳೂ ಅಲ್ಲಿಗೇ ಬಂದರು. ಇದು ಮತಕ್ಕಾಗಿ ಮಾಡಿದ ಶಾಲೆಯಲ್ಲ, ಬಸ್ಸನ್ನು ತಪ್ಪಿಸುವುದಕ್ಕೆ ಮಾಡಿದ ಶಾಲೆಯೆಂದು ಸಾಮಾನ್ಯ ಮಂಡಲವು ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯವು ಹತ್ತು ವರ್ಷಕ್ಕೂ ಮಿಕ್ಕಿ ಬೆಳೆದು, 2017ರ ಏಪ್ರಿಲಿನಲ್ಲಿ ನ್ಯಾಯಾಧೀಶ ಡೊನಾಲ್ಡ್ ಲೇ ಅವರು ಕಥೋಲಿಕರಲ್ಲದ ಮಕ್ಕಳ ಓದಿಗೆಂದು ಕಥೋಲಿಕ ಶಾಲೆಗೆ ಸರಕಾರವು ಹಣ ಕೊಡುವುದು ಸಂವಿಧಾನವಿರುದ್ಧವೆಂದು ತೀರ್ಪಿತ್ತರು. ರಾಜ್ಯವು ಮತದ ವಿಷಯದಲ್ಲಿ ತಟಸ್ಥವಾಗಿರತಕ್ಕದ್ದೆಂಬುದು ಅವರ ವಾದದ ಹುರುಳು.

ಆ ವಾದದಲ್ಲಿ ಸತ್ತ್ವವಿಲ್ಲವೆಂದು ನಾವು ಹೇಳಲಾರೆವು. ಒಂದು ಮತದವರಿಗೆ ಮಾತ್ರ ಸರಕಾರೀ ಶಾಲೆ, ಉಳಿದವರಿಗಿಲ್ಲ; ಇದು ಹಳೆಯ ರಾಜಿಯೇ ಹೊರತು ತರ್ಕವಲ್ಲ. ಆದರೆ ಸುಮಾರು 10,000 ಮಕ್ಕಳು ಶಾಲೆ ಬಿಡಬೇಕಾದೀತೆಂದು ಸರಕಾರಕ್ಕೆ ಭಯವಾಯಿತು. ಅಂದಿನ ಪ್ರಾಂತಮುಖ್ಯರಾದ ಬ್ರಾಡ್ ವಾಲ್, ಹಕ್ಕುಪತ್ರದ 33ನೆಯ ಪ್ರಕರಣವನ್ನು ಬಳಸಿ ತೀರ್ಪನ್ನು ಬದಿಗಿರಿಸುವೆವೆಂದು ಸಾರಿದರು. 2018ರಲ್ಲಿ ಹಾಗೆಯೇ ಕಾಯಿದೆಯಾಯಿತು. 2020ರ ಮಾರ್ಚಿನಲ್ಲಿ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ಹಿಂದಿನ ತೀರ್ಪನ್ನು ತಳ್ಳಿಹಾಕಿತು. 2021ರ ಫೆಬ್ರವರಿಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ವ್ಯಾಜ್ಯವನ್ನು ಮತ್ತೆ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹೀಗಾಗಿ ನಮ್ಮ ಓದುಗರ ಮೊಮ್ಮಗನು ಇಂದು ಅಲ್ಲಿಯ ಎಣಿಕೆಗೆ ಧಾರಾಳವಾಗಿ ಸೇರುವನು. ಮತಾಂತರದ ಭಯಕ್ಕೆ ಕಾರಣ ಕಾಣುವುದಿಲ್ಲ. ಆದರೆ ಪ್ರಾರ್ಥನೆ, ಮತಬೋಧೆಯ ಪಾಠ ಇವು ಸಾಮಾನ್ಯವಾಗಿ ದಿನಚರಿಯ ಭಾಗವೆಂಬುದನ್ನು ತಿಳಿದೇ ತಂದೆತಾಯಿಗಳು ಸೇರಿಸಬೇಕು. ಬೇಡವೆಂದವರಿಗೆ ಸಾಮಾನ್ಯ ಶಾಲೆ ಇದ್ದೇ ಇದೆ. ಹುಡುಗನು ಮನೆಗೆ ಬಂದು ಏಸುವಿನ ಕಥೆ ಹೇಳಿದರೆ ಅಜ್ಜಿಯವರು ಧ್ರುವನ ಕಥೆ ಹೇಳಲಿ. ಕಥೆಗೆ ಕಥೆ ಶತ್ರುವಲ್ಲ.

ಇನ್ನು ಅಂಗಿ. ಅದು ಕಾವಿಯಲ್ಲ, ತಾಯೀ.

ಕೆನಡಾ ಸರಕಾರವು ನೂರು ವರ್ಷಕ್ಕೂ ಮೀರಿ ಮೂಲನಿವಾಸಿಗಳ ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿ ವಸತಿಶಾಲೆಗಳಲ್ಲಿಟ್ಟಿತು. ಒಟ್ಟು ಸುಮಾರು 1,50,000 ಮಕ್ಕಳು. ಅವರ ಭಾಷೆಯನ್ನೂ ಆಚಾರವನ್ನೂ ಬಿಡಿಸುವುದೇ ಉದ್ದೇಶ. ಶಾಲೆಗಳನ್ನು ನಡೆಸಲು ಚರ್ಚುಗಳಿಗೆ ಒಪ್ಪಿಸಿತ್ತು. ಅವುಗಳಲ್ಲಿ ಹೆಚ್ಚಿನವು ಕಥೋಲಿಕರ ಕೈಯಲ್ಲಿದ್ದುವು. 1973ರಲ್ಲಿ ಬ್ರಿಟಿಷ್ ಕೊಲಂಬಿಯಾದ ವಿಲಿಯಮ್ಸ್ ಲೇಕ್ ಬಳಿಯ ಸಂತ ಜೋಸೆಫರ ಮಿಷನ್ನಿಗೆ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಬಾಲಿಕೆಯನ್ನು ಸೇರಿಸಿದರು. ವರ್ಷಾರಂಭವೆಂದು ಅಜ್ಜಿ ಅವಳಿಗೆ ಹೊಸದೊಂದು ಕಿತ್ತಳೆ ಬಣ್ಣದ ಅಂಗಿ ಕೊಡಿಸಿದ್ದಳು. ಹೋದ ಮೊದಲ ದಿನವೇ ಶಾಲೆಯವರು ಅದನ್ನು ಕಳಚಿ ತೆಗೆದುಕೊಂಡರು, ಮರಳಿ ಕೊಡಲಿಲ್ಲ. 2013ರಲ್ಲಿ ಆಕೆ ಅದನ್ನು ಬಹಿರಂಗವಾಗಿ ಹೇಳಿದಂದಿನಿಂದ ಸೆಪ್ಟೆಂಬರ್ 30 ಕಿತ್ತಳೆ ಅಂಗಿಯ ದಿನವಾಯಿತು. ಸೆಪ್ಟೆಂಬರ್ ಏಕೆಂದರೆ, ಮಕ್ಕಳನ್ನು ಮನೆಗಳಿಂದ ಒಯ್ಯುತ್ತಿದ್ದುದು ಆ ತಿಂಗಳಿನಲ್ಲಿಯೇ. 2021ರಿಂದ ಅದನ್ನು ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ದಿನವೆಂದು ಆಚರಿಸುತ್ತಿರುವರು. ಅದೇ ವರ್ಷದ ಜೂನಿನಲ್ಲಿ, ರೆಜೈನಾದ ಪೂರ್ವಕ್ಕಿರುವ ಕೌಯೆಸೆಸ್ ಜನಾಂಗದವರು, ಕಥೋಲಿಕರು ನಡೆಸಿದ್ದ ಮಾರಿಯೆವಲ್ ವಸತಿಶಾಲೆಯ ಬಳಿ ಹೆಸರಿನ ಗುರುತಿಲ್ಲದ 751 ಗೋರಿಗಳ ಸುಳಿವು ಸಿಕ್ಕಿತೆಂದು ಪ್ರಕಟಿಸಿದರು. ಎಲ್ಲವೂ ಮಕ್ಕಳವೆಂದು ಅವರು ಹೇಳಲಿಲ್ಲ. 2022ರ ಜುಲೈ 25ರಂದು ಅಂದಿನ ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಾಸ್ಕ್‌ವಾಚಿಸ್ ಎಂಬಲ್ಲಿಗೆ ಬಂದು ಮೂಲನಿವಾಸಿಗಳ ಕ್ಷಮೆ ಬೇಡಿದರು.

ಈಗ ಆ ವಿದ್ಯಾನಿರ್ದೇಶಕರ ಸ್ಥಾನದಲ್ಲಿ ಓದುಗರು ತಮ್ಮನ್ನಿರಿಸಿಕೊಂಡು ನೋಡಲಿ. ಅವರ ಶಾಲೆಗಳಲ್ಲಿ ಮೂಲನಿವಾಸಿಗಳ ಮಕ್ಕಳೂ ಕುಳಿತಿರುವರು. ಆ ಮಕ್ಕಳಲ್ಲಿ ಕೆಲವರ ಅಜ್ಜಅಜ್ಜಿಯರು ವಸತಿಶಾಲೆಯನ್ನು ಕಂಡವರು. ಅದೇ ಧರ್ಮಸಭೆಯ ಹೆಸರು ಹೊತ್ತ ಶಾಲೆಯ ಬಾಗಿಲಿಗೆ ಮೊಮ್ಮಗುವಿನ ಕೈಹಿಡಿದು ಬಂದ ಮುದುಕಿಗೆ ಮೊದಲ ದಿನ ಏನು ಹೇಳತಕ್ಕದ್ದು? ಯಾವ ಸುತ್ತೋಲೆಯಲ್ಲಿ ಅದನ್ನು ಬರೆಯುವುದು? ಹೆಸರುಗಳನ್ನು ಎಣಿಸುವ ದಿನವೂ ಅಳಿದ ಹೆಸರುಗಳನ್ನು ನೆನೆಯುವ ದಿನವೂ ಒಂದೇ ಆಗಿರುವುದು ಕೇವಲ ಆಕಸ್ಮಿಕ. ಆದರೂ ನಾವು ಆ ಕುರ್ಚಿಯಲ್ಲಿದ್ದರೆ ಅಂದು ಪಟ್ಟಿಯನ್ನು ಅಂಕಿಯಿಂದಲ್ಲ, ಹೆಸರಿನಿಂದ ಓದಿಸುತ್ತಿದ್ದೆವು.

ಅಂಗಿಯನ್ನು ಇಲ್ಲಿಂದಲೇ ಹೊಲಿಸಿ ಕಳುಹಿಸುವೆನೆಂದು ಆ ತಾಯಿ ಬರೆದಿರುವರು. ಹಾಗೆಯೇ ಮಾಡಬಹುದು, ಆದರೆ ಒಂದು ಗಾತ್ರ ದೊಡ್ಡದಾಗಿಯೇ ಇರಲಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಬೆಳಗಿನ ಗಾಳಿ ತಣ್ಣಗಿರುವುದು, ಒಳಗೆ ಸ್ವೆಟರು ತೊಡಬೇಕಾದೀತು.